ದೂರು ಹೇಳುವ ಕೀರ್ತನೆಗಳು ಮತ್ತು ನಮ್ಮ ಮನೆಯ ಸಂಜೆ ಪ್ರಾರ್ಥನೆ

ನಮ್ಮ ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಯನ್ನು ನಡೆಸುತ್ತಿದ್ದವಳು ನನ್ನ ಹೆಂಡತಿ. ಧಾರವಾಡದಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಪ್ರೊಟೆಸ್ಟೆಂಟ್ ಕ್ರೈಸ್ತ ಮಿಷನ್) ಪರಂಪರೆಯ ಮನೆಗಳಿಗೆ ಇದು ಅಪರೂಪವಲ್ಲ. ಗಂಡಸರು ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿ ಕುಳಿತು ಕಾಂಪೌಂಡ್ ಗೋಡೆಯ ಖರ್ಚಿನ ಬಗ್ಗೆ ವಾದಿಸುತ್ತಾರೆ. ಹಾಡು ಆರಿಸುವುದು, ವಾಕ್ಯ ಓದಿಸುವುದು, ಯಾರಿಗಾಗಿ ಪ್ರಾರ್ಥಿಸಬೇಕೆಂದು ನೆನಪಿಡುವುದು ಹೆಂಗಸರ ಪಾಲು. ನಾನು ಕಾಲೇಜೊಂದರ ಕಚೇರಿಯಲ್ಲಿ ಲೆಕ್ಕ ಬರೆಯುವವನು. ಅವಳು ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ಸಂಜೆಯ ಆ ಅರ್ಧ ಗಂಟೆ ನನ್ನ ಪಾಲಿಗೆ ಬಂತು. ನಾನೂ ಪಿಯುಸಿ ಓದುತ್ತಿದ್ದ ಮಗಳೂ ಅದನ್ನು ಹೇಗೆ ನಡೆಸಿಕೊಂಡು ಬಂದೆವು ಎಂದು ಕೆಲವರು ಕೇಳಿದ್ದಾರೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಜೊತೆಗೆ, ದುಃಖದ ಮನೆಗೆ ಬಂದವರು ಆಡುವ ಮಾತುಗಳ ಬಗ್ಗೆ ನನ್ನದೊಂದು ತಕರಾರೂ ಇದೆ.

ಮೊದಲು ತಕರಾರನ್ನೇ ಹೇಳಿಬಿಡುತ್ತೇನೆ. ಮಣ್ಣು ಕೊಟ್ಟು ಬಂದ ದಿನದಿಂದ ಮನೆ ತುಂಬ ಜನ. ಬಂದವರು ಒಳ್ಳೆಯವರೇ. ಆದರೆ ಅವರ ಬಾಯಲ್ಲಿ ಬಂದದ್ದು ‘ಎಲ್ಲವೂ ದೇವರ ಚಿತ್ತ’, ‘ದೇವರು ತೋಟದ ಚೆಂದದ ಹೂವನ್ನೇ ಮೊದಲು ಕೀಳುತ್ತಾನೆ’, ‘ಅಳಬಾರದು, ನಮಗೆ ನಿರೀಕ್ಷೆ ಇದೆ’ ಎಂಬಂಥ ಮಾತುಗಳು. ಕೊನೆಯ ಮಾತಿಗೆ ಆಧಾರವಾಗಿ ಬೈಬಲಿನಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯವನ್ನು ತೋರಿಸುತ್ತಾರೆ. ಅಲ್ಲಿರುವುದನ್ನು ನಿಧಾನವಾಗಿ ಓದಿ ನೋಡಿ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತಾನೆಯೇ ಹೊರತು ದುಃಖಿಸಲೇಬೇಡಿ ಎಂದು ಪೌಲ ಎಲ್ಲಿಯೂ ಹೇಳಿಲ್ಲ. ರೋಮಾಪುರದವರಿಗೆ ಬರೆಯುವಾಗ ಅಳುವವರ ಸಂಗಡ ಅಳಿರಿ ಎಂದವನೂ ಅವನೇ. ಬೈಬಲಿನ ಯೋಬನ ಪುಸ್ತಕದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನೊಡನೆ ಜಗಳವಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಸ್ನೇಹಿತರ ಮೇಲೆ. ಇದನ್ನು ನಮ್ಮ ಅಯ್ಯನವರಿಗೆ, ಅಂದರೆ ಸಭೆಯ ಪಾದ್ರಿಗೆ, ಹೇಳಿದಾಗ ಅವರು ನಕ್ಕು, ‘ಇದನ್ನು ನಾನು ಪ್ರಸಂಗದಲ್ಲಿ ಹೇಳಿದರೆ ಅರ್ಧ ಸಭೆ ಭೇಟಿಗೆ ಹೋಗುವುದನ್ನೇ ನಿಲ್ಲಿಸುತ್ತದೆ’ ಎಂದರು.

ನೆರೆಮನೆಯ ಅಜ್ಜಿ ಲಿಂಗಾಯತರು. ಅವರು ದೇವರ ಮಾತೇ ಎತ್ತಲಿಲ್ಲ. ಜೋಳದ ರೊಟ್ಟಿ, ಜುಣಕ, ಒಂದು ಪಾತ್ರೆ ಮೊಸರು ತಂದಿಟ್ಟು, ‘ಮೊದಲು ಉಣ್ಣಿರಿ’ ಎಂದು ನಾವು ಉಣ್ಣುವವರೆಗೂ ಬಾಗಿಲ ಹತ್ತಿರ ಕುಳಿತಿದ್ದರು.

ಮಗಳು ಪ್ರಾರ್ಥನೆಗೆ ಕೂರುವುದಿಲ್ಲ ಎಂದಳು. ‘ಅವ್ವ ಗುಣವಾಗಲಿ ಎಂದು ಇಡೀ ಸಭೆ ಉಪವಾಸವಿತ್ತು. ಆಮೇಲೆ ಏನಾಯಿತು, ಅಪ್ಪಾ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಅವಳನ್ನು ಒತ್ತಾಯಿಸಲಿಲ್ಲ. ನಾನೊಬ್ಬನೇ ಕುರ್ಚಿಯ ಮೇಲೆ ಕುಳಿತು, ಹೆಂಡತಿ ಆರಿಸುತ್ತಿದ್ದ ಸ್ತೋತ್ರದ ಹಾಡು ಹಾಡಲು ನೋಡಿದರೆ ಎರಡನೆಯ ಸಾಲಿಗೇ ಗಂಟಲು ಕಟ್ಟುತ್ತಿತ್ತು. ಜರ್ಮನಿಯಿಂದ ಬಂದು ಕನ್ನಡದ ಮಾತು ತೊಟ್ಟ ಆ ಹಳೆಯ ರಾಗಗಳು ನಾಲ್ಕು ಧ್ವನಿಗಳಿಗಾಗಿ ಕಟ್ಟಿದಂಥವು; ಒಬ್ಬನೇ ಹಾಡಿದರೆ ಇಲ್ಲದ ಧ್ವನಿಯೇ ಹೆಚ್ಚು ಕೇಳಿಸುತ್ತದೆ. ಹಾಡನ್ನು ಬಿಟ್ಟೆ. ಕೀರ್ತನೆಗಳನ್ನು, ಅಂದರೆ ಬೈಬಲಿನ ಪ್ರಾರ್ಥನಾಗೀತೆಗಳನ್ನು, ಸುಮ್ಮನೆ ಗಟ್ಟಿಯಾಗಿ ಓದತೊಡಗಿದೆ, ಮೊದಲಿನಿಂದ, ದಿನಕ್ಕೆ ಒಂದು.

ಚಿಕ್ಕಂದಿನಿಂದ ನನಗೆ ಬಾಯಿಪಾಠ ಇದ್ದದ್ದು 23, 100, 103, 121. ಭಾನುವಾರದ ಶಾಲೆಯಲ್ಲಿ ಕಲಿಸುವುದು ಅವನ್ನೇ. ಸಾಲಾಗಿ ಓದಿದಾಗ ಕಂಡದ್ದು ಬೇರೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಳು, ದೂರು, ಪ್ರಶ್ನೆ. ಹದಿಮೂರನೆಯದು ಆರೇ ವಚನಗಳ ಪುಟ್ಟ ಕೀರ್ತನೆ. ಅದರ ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಬಾರಿ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಆಲಯದಲ್ಲಿ ಸಾಕ್ಷಿ ಹೇಳುವವರು ನೇರವಾಗಿ ಐದನೆಯ ವಚನಕ್ಕೆ ಹಾರುತ್ತಾರೆ. ದಾವೀದನ ಹೆಸರಿನಲ್ಲಿರುವ ಈ ಪ್ರಾರ್ಥನೆ ಹಾಗೆ ಹಾರುವುದಿಲ್ಲ.

88ನೆಯ ಕೀರ್ತನೆಗೆ ಬಂದ ಸಂಜೆ ಮಗಳು ಒಳಕೋಣೆಯಲ್ಲಿ ಓದಿಕೊಳ್ಳುತ್ತಿದ್ದಳು. ಆ ಕೀರ್ತನೆಯಲ್ಲಿ ಭರವಸೆಯ ಕಡೆಗೆ ತಿರುವೇ ಇಲ್ಲ. ಹಗಲಿರುಳೂ ಕೂಗಿದೆ, ನೀನು ಮುಖ ಮರೆಮಾಡಿಕೊಂಡೆ, ಗೆಳೆಯರನ್ನೂ ನನ್ನಿಂದ ದೂರ ಮಾಡಿದೆ ಎನ್ನುತ್ತ ಹೋಗಿ ಕತ್ತಲೆಯಲ್ಲಿ ಮುಗಿದುಬಿಡುತ್ತದೆ. ನಾನು ಓದಿ ಮುಗಿಸಿ ಬೈಬಲ್ ಮುಚ್ಚುವಷ್ಟರಲ್ಲಿ ಅವಳು ಬಾಗಿಲಿಗೆ ಬಂದು ನಿಂತಿದ್ದಳು. ‘ಮುಂದೆ?’ ಎಂದಳು. ಇಷ್ಟೇ ಎಂದೆ. ನಂಬದೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಾನೇ ನೋಡಿದಳು. ಆ ಮೇಲಿನ ಸಂಜೆಗಳಲ್ಲಿ ಕೆಲವೊಮ್ಮೆ ಬಂದು ಕೂರುತ್ತಿದ್ದಳು, ಕೆಲವೊಮ್ಮೆ ಇಲ್ಲ. ಕಣ್ಣು ಮುಚ್ಚುತ್ತಿರಲಿಲ್ಲ. ಅದೂ ಆದೀತು ಎಂದುಕೊಂಡೆ.

ಹದಿಮೂರನೆಯ ಕೀರ್ತನೆಯ ಆ ಅಚ್ಚಿನಲ್ಲಿ ನಮ್ಮದೇ ಪ್ರಾರ್ಥನೆ ಬರೆಯುವ ಅಭ್ಯಾಸ ಶುರುವಾದದ್ದು ಆಗ. ಬಳಸದೆ ಉಳಿದಿದ್ದ ಒಂದು ಲೆಕ್ಕದ ಪುಸ್ತಕ ಮನೆಯಲ್ಲಿತ್ತು. ಪುಟಕ್ಕೆ ಮೂರು ಅಂಕಣ ಎಳೆದೆ: ದೂರು, ಬೇಡಿಕೆ, ಭರವಸೆ. ನಿಯಮ ಒಂದೇ, ಮನಸ್ಸಿನಲ್ಲಿ ಇಲ್ಲದ್ದನ್ನು ಬರೆಯಬಾರದು. ಮೊದಮೊದಲ ಒಂದು ಪುಟವನ್ನು ಇದ್ದ ಹಾಗೆಯೇ ಕೊಡುತ್ತೇನೆ.

‘ಕರ್ತನೇ, ಗ್ಯಾಸ್ ಬುಕ್ ಮಾಡಿದರೆ ಮೊಬೈಲಿನಲ್ಲಿ ಇನ್ನೂ ಅವಳ ಹೆಸರೇ ಬರುತ್ತದೆ. ಅವಳು ಸತ್ತಳೆಂದು ಎಷ್ಟು ಕಚೇರಿಗಳಲ್ಲಿ ನಾನೇ ಬರೆದುಕೊಡಬೇಕು? ಸಭೆಯೆಲ್ಲ ಬೇಡಿಕೊಂಡಾಗ ನೀನು ಎಲ್ಲಿದ್ದೆ? — ಮಗಳ ಪರೀಕ್ಷೆ ಹತ್ತಿರ ಬಂದಿದೆ, ಸರಿಯಾಗಿ ಉಣ್ಣುತ್ತಿಲ್ಲ, ಅವಳನ್ನು ನೋಡಿಕೋ. ನನಗೆ ರಾತ್ರಿ ನಿದ್ರೆ ಕೊಡು. —’

ಮೂರನೆಯ ಅಂಕಣ ಖಾಲಿ. ಲೆಕ್ಕದವನಿಗೆ ಖಾಲಿ ಅಂಕಣ ಕಂಡರೆ ಕೈ ತುರಿಸುತ್ತದೆ. ಏನಾದರೊಂದು ವಾಕ್ಯ ನೆನಪಿನಿಂದ ತಂದು ತುಂಬಿಬಿಡೋಣ ಎನ್ನಿಸುತ್ತದೆ. ತುಂಬಲಿಲ್ಲ. ಪುಟಗಟ್ಟಲೆ ಖಾಲಿಯೇ ಉಳಿಯಿತು. ಹಿಂದಿನ ಪುಟಗಳನ್ನು ಯಾವಾಗಲೋ ತಿರುವಿದಾಗ ಅಲ್ಲಲ್ಲಿ ಬರೆಯಲು ಏನೋ ಸಿಗತೊಡಗಿತು. ‘ಇವತ್ತು ಮಗಳು ಎರಡು ರೊಟ್ಟಿ ತಿಂದಳು.’ ‘ಬ್ಯಾಂಕಿನ ಗುಮಾಸ್ತೆ ಎದ್ದು ಬಂದು ಫಾರ್ಮ್ ತುಂಬಿಕೊಟ್ಟಳು.’ ‘ಅಜ್ಜಿಯ ಮೊಸರು.’ ಇವನ್ನು ಭರವಸೆ ಎಂದು ಕರೆಯಬಹುದೇ ಎಂದು ಅಯ್ಯನವರನ್ನು ಕೇಳಿದೆ. ‘ಅಂಕಣಕ್ಕೆ ಹೆಸರಿಟ್ಟವರು ನೀವು’ ಎಂದು ಜಾರಿಕೊಂಡರು.

ಪ್ರಾರ್ಥನೆ ಬೆಳೆದದ್ದು ಹೆಚ್ಚಾಗಿ ಇಂಥ ಓಡಾಟಗಳ ನಡುವೆ. ಪಡಿತರ ಚೀಟಿಯಿಂದ ಹೆಸರು ತೆಗೆಸುವುದು, ಬ್ಯಾಂಕಿನ ನಾಮಿನಿ, ವಿಮೆ, ವಿದ್ಯುತ್ ಮೀಟರಿನ ಹೆಸರು ಬದಲಾವಣೆ. ಒಂದೊಂದು ಕೌಂಟರಿನಲ್ಲೂ ‘ದಿವಂಗತ’ ಎಂದು ಬರೆದು ಸಹಿ ಮಾಡಬೇಕು. ಸಾಲಿನಲ್ಲಿ ನಿಂತಾಗ ಬೆಳಿಗ್ಗೆ ಆರಿಸಿಕೊಂಡ ಒಂದೇ ಒಂದು ವಚನವನ್ನು ಉಸಿರಿನ ಜೊತೆ ಹೇಳಿಕೊಳ್ಳುವ ರೂಢಿ ಮಾಡಿಕೊಂಡೆ. ಉದ್ದದ್ದು ಕೆಲಸಕ್ಕೆ ಬರುವುದಿಲ್ಲ, ಟೋಕನ್ ಸಂಖ್ಯೆ ಕೂಗಿದರೆ ಮರೆತುಹೋಗುತ್ತದೆ. ‘ನನ್ನ ಕಡೆ ನೋಡು’ ಎಂಬಷ್ಟು ಸಾಕು. ಅಡುಗೆಗೂ ಇದೇ. ಹುಳಿಗೆ ಎಷ್ಟು ಹುಣಸೆಹಣ್ಣು ಎಂದು ಗೊತ್ತಿಲ್ಲದೆ ಒಲೆಯ ಮುಂದೆ ನಿಂತಾಗ ಬರುವ ಅಳು ಸ್ಮಶಾನದಲ್ಲಿ ಬಂದದ್ದಕ್ಕಿಂತ ಜೋರಾಗಿತ್ತು. ಅದಕ್ಕೆ ಮೊಣಕಾಲೂರುವ ಪ್ರಾರ್ಥನೆಯಿಂದ ಪ್ರಯೋಜನವಿಲ್ಲ, ಒಗ್ಗರಣೆ ಸೀಯುತ್ತದೆ.

ಕೀರ್ತನೆಗಳು ಮುಗಿದ ಮೇಲೆ ಪ್ರಲಾಪಗಳು ಪುಸ್ತಕವನ್ನು ಹಿಡಿದೆವು. ಐದೇ ಅಧ್ಯಾಯ. ಯೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದು ಹಾಳಾದ ಮೇಲಿನ ಗೋಳು. ಅದರ ಕಟ್ಟಣೆಯ ಬಗ್ಗೆ ಅಯ್ಯನವರು ಹೇಳಿದಾಗ ನನ್ನೊಳಗಿನ ಗುಮಾಸ್ತನಿಗೆ ಖುಷಿಯಾಯಿತು. ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರಗಳು. ಮೊದಲ ನಾಲ್ಕು ಅಧ್ಯಾಯಗಳು ಆ ಅಕ್ಷರಗಳ ಕ್ರಮದಲ್ಲಿಯೇ ಸಾಗುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರು ವಚನದಂತೆ 66. ಊರಿಗೆ ಊರೇ ಸುಟ್ಟುಹೋದವನು ಅಳುವುದಕ್ಕೂ ಒಂದು ಕ್ರಮ ಹಾಕಿಕೊಂಡಿದ್ದಾನೆ. ಐದನೆಯ ಅಧ್ಯಾಯಕ್ಕೆ ಬಂದಾಗ ವಚನಗಳು 22 ಇವೆ, ಅಕ್ಷರಗಳ ಕ್ರಮ ಮಾತ್ರ ತಪ್ಪಿದೆ. ಶಕ್ತಿ ಮುಗಿದಿತ್ತೋ ಏನೋ ಎಂದು ಮಗಳು ಹೇಳಿದಳು. ದೇವರ ಕರುಣೆ ದಿನದಿನವೂ ಬೆಳಿಗ್ಗೆ ಹೊಸದಾಗುತ್ತದೆ ಎಂಬ ಮಾತನ್ನು ನಾವು ಕ್ಯಾಲೆಂಡರುಗಳ ಮೇಲೆ ಅಚ್ಚು ಹಾಕಿಸುತ್ತೇವೆ. ಅದು ಬರುವುದು ಈ ಪುಸ್ತಕದ ನಟ್ಟನಡುವೆ, ಮೂರನೆಯ ಅಧ್ಯಾಯದಲ್ಲಿ. ಅದಾದ ಮೇಲೂ ಅಳು ಮುಂದುವರಿಯುತ್ತದೆ. ಆ ವಚನ ಅಚ್ಚಾಗಿದ್ದ ಕ್ಯಾಲೆಂಡರನ್ನು ಅಲ್ಲಿಯವರೆಗೆ ಗೋಡೆಯ ಕಡೆಗೆ ತಿರುಗಿಸಿಟ್ಟಿದ್ದೆ, ಆಮೇಲೆ ಸರಿಯಾಗಿ ತೂಗುಹಾಕಿದೆ.

ಮಗಳ ಪ್ರಶ್ನೆಗೆ ಬೈಬಲಿನಲ್ಲಿ ಅತಿ ಹತ್ತಿರ ಸಿಕ್ಕಿದ್ದು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯ. ಲಾಜರನಿಗೆ ಕಾಯಿಲೆ ಎಂದು ಕೇಳಿದ ಮೇಲೂ ಯೇಸು ಇದ್ದಲ್ಲಿಯೇ ಎರಡು ದಿನ ನಿಲ್ಲುತ್ತಾನೆ. ಲಾಜರ ಸತ್ತ ಮೇಲೆ ಬಂದಾಗ ಅವನ ಅಕ್ಕತಂಗಿಯರು, ಮೊದಲು ಮಾರ್ಥಳು, ಆಮೇಲೆ ಮರಿಯಳು, ಇಬ್ಬರೂ ಬೇರೆ ಬೇರೆಯಾಗಿ ಅದೇ ಮಾತನ್ನು ಅವನ ಎದುರಿಗೇ ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ. ನಾಲ್ಕು ದಿನ ಮನೆಯೊಳಗೆ ಇಬ್ಬರೂ ಅದನ್ನೇ ಆಡಿಕೊಂಡಿರಬೇಕು. ಯೇಸು ಅವರನ್ನು ಗದರಿಸುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದೂ ಅಳುತ್ತಾನೆ. ಪುನರುತ್ಥಾನದ ನಂಬಿಕೆ ಇದ್ದರೆ ಕಣ್ಣೀರು ಬರಬಾರದು ಎನ್ನುವವರು ಈ ಒಂದು ವಚನಕ್ಕೆ ಏನು ಹೇಳುತ್ತಾರೋ ತಿಳಿಯದು. ಇದನ್ನು ಓದಿದ ದಿನ ಮಗಳು, ‘ಅವರ ತಮ್ಮ ಎದ್ದು ಬಂದನಲ್ಲ’ ಎಂದಳು. ಹೌದು ಎಂದೆ. ಮಾತು ಅಲ್ಲಿಗೇ ನಿಂತಿತು.

ಶುಭ ಶುಕ್ರವಾರ ನಮ್ಮ ಆಲಯದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಏಳು ಮಾತಿಗೆ ಏಳು ಜನ. ನನಗೆ ನಾಲ್ಕನೆಯದನ್ನು ಕೊಟ್ಟರು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಸಾಮಾನ್ಯವಾಗಿ ಯಾರೂ ಕೇಳಿ ತೆಗೆದುಕೊಳ್ಳದ ಮಾತು ಅದು. ದೈವಶಾಸ್ತ್ರದ ವಿವರಣೆ ನನ್ನಿಂದಾಗದು. ನನಗೆ ಕಂಡಷ್ಟನ್ನು ಹೇಳಿದೆ: ಸಾಯುವ ಹೊತ್ತಿನಲ್ಲಿ ಯೇಸು ಹೊಸ ಪ್ರಾರ್ಥನೆ ಕಟ್ಟಲಿಲ್ಲ, 22ನೆಯ ಕೀರ್ತನೆಯ ಮೊದಲ ಸಾಲನ್ನು ಹಿಡಿದ. ಲೂಕನು ಬರೆದಿರುವ ಕೊನೆಯ ಮಾತು, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ ಎಂಬುದು, 31ನೆಯದರಿಂದ ಬಂದದ್ದು. ಎರಡೂ ದೂರಿನ ಕೀರ್ತನೆಗಳೇ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದು ಆಗ ಬಾಯಿಗೆ ಬಂದಿರಬೇಕು. ನಮ್ಮ ಮಕ್ಕಳಿಗೂ 23ರ ಜೊತೆ 22ನ್ನು ಕಲಿಸಿ ಎಂದು ಮುಗಿಸಿದೆ. ಆರಾಧನೆಯಾದ ಮೇಲೆ ಹಿರಿಯರೊಬ್ಬರು, ‘ಕೊನೆಗೆ ಪುನರುತ್ಥಾನದ ಒಂದು ಮಾತು ಸೇರಿಸಬೇಕಿತ್ತು’ ಎಂದರು. ಅದು ಭಾನುವಾರದ ಕೆಲಸ ಎಂದೆ. ಭಾನುವಾರ ಮುಂಜಾನೆ ಕತ್ತಲಿರುವಾಗಲೇ ಮಗಳೂ ನಾನೂ ಈಸ್ಟರ್ ಆರಾಧನೆಗೆ ಹೋದೆವು. ಅವಳು ಹಾಡಿದಳು, ತಾಯಿಯ ಹಾಗೆ ಎರಡನೆಯ ಧ್ವನಿಯಲ್ಲಿ.

ಈಗ ಅವಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಸಂಜೆಯ ಪ್ರಾರ್ಥನೆ ಫೋನಿನಲ್ಲಿ, ಅವಳಿಗೆ ಬಿಡುವಿದ್ದ ದಿನ. ಅವಳ ಮೂಲ ಪ್ರಶ್ನೆ ಇನ್ನೂ ಹಾಗೇ ಇದೆ, ಆಗಾಗ ಹೊಸ ರೂಪದಲ್ಲಿ ಕೇಳುತ್ತಾಳೆ. ಪುಸ್ತಕದ ದೂರಿನ ಅಂಕಣ ಖಾಲಿಯಾಗಿಲ್ಲ. ಮೂರನೆಯದು ಮೊದಲಿಗಿಂತ ಭರ್ತಿಯಾಗಿದೆ.

ಸಭೆಯಲ್ಲಿ ಸಾವಾದ ಮನೆಗಳಿಗೆ ಹೋಗುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದೇನೆ. ಮೊದಲ ವಾರ ಹೋಗುವುದಿಲ್ಲ, ಆಗ ಜನ ಇರುತ್ತಾರೆ. ನೆಂಟರೆಲ್ಲ ಹೊರಟು, ಶಾಮಿಯಾನದ ಬಾಡಿಗೆ ತೀರಿಸಿ ಮನೆ ಬಿಕೋ ಎನ್ನುವಾಗ ಹೋಗುತ್ತೇನೆ. ಏನಾದರೂ ತಿನ್ನುವುದನ್ನು ಒಯ್ಯುತ್ತೇನೆ. ಅವರು ಕೇಳಿದರೆ ಮಾತ್ರ ಬೈಬಲ್ ತೆರೆಯುತ್ತೇನೆ. ತೆರೆದರೆ ಹದಿಮೂರನ್ನು ಪೂರ್ತಿ ಓದುತ್ತೇನೆ, ಐದನೆಯ ವಚನಕ್ಕೆ ಹಾರುವುದಿಲ್ಲ. ಹೊರಡುವಾಗ, ಮರಣ ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲಕ್ಕೆ ಹೆಚ್ಚಾಗಿ ತೆಗೆಸಿಟ್ಟುಕೊಳ್ಳಿ, ಪ್ರತಿಯೊಂದು ಕಚೇರಿಯಲ್ಲೂ ಕೇಳುತ್ತಾರೆ ಎಂದು ಹೇಳುತ್ತೇನೆ. ಒಬ್ಬರೇ ಹೋಗಲು ಆಗದಿದ್ದರೆ ಶನಿವಾರ ನನಗೆ ರಜೆ ಎಂದೂ ಹೇಳುತ್ತೇನೆ.