ಹಳೇ ಏರ್ ಪಿಸ್ತೂಲು ತಗೋಬಹುದಾ? ನನ್ನ ಅನುಭವ

ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಮ್ಯಾಚ್ ಪಿಸ್ತೂಲು (ಸ್ಪರ್ಧೆಯಲ್ಲಿ ಬಳಸುವ ಏರ್ ಪಿಸ್ತೂಲು) ತಗೋತೀನಿ ಅಂದಾಗ ಶೂಟಿಂಗ್ ರೇಂಜಿನಲ್ಲಿ ಎಲ್ಲರದ್ದೂ ಒಂದೇ ಮಾತು. "ಬ್ಯಾಡ್ರಿ ಸರ್, ರೊಕ್ಕ ಹಾಳು." ಹೊಸದಕ್ಕೆ ಎರಡು ಲಕ್ಷದ ಹತ್ತಿರ ಆಗುತ್ತಿತ್ತು. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಲೇಥ್ ನಡೆಸುವ ನನಗೆ ಅದು ಆಗದ ಮಾತು. ಈಗ ಕೈಯಲ್ಲಿರುವುದಕ್ಕೆ ಕೊಟ್ಟಿದ್ದು 54 ಸಾವಿರ. ಬೇಡ ಅಂದವರೇ ಈಗ ಏನೇನು ನೋಡಿ ತಗೊಂಡಿರಿ ಅಂತ ಕೇಳ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದರಲ್ಲಿ ಮೋಸ ಹೋದೆ. 38 ಸಾವಿರಕ್ಕೆ ಸಿಕ್ಕಿತು, ಫೋಟೊದಲ್ಲಿ ಹೊಳೆಯುತ್ತಿತ್ತು, ಕೊರಿಯರ್‌ನಲ್ಲಿ ತರಿಸಿದೆ. ಗಾಳಿ ತುಂಬುವ ಸಿಲಿಂಡರ್ ಮೇಲಿನ ತಯಾರಿಕೆ ತಾರೀಖು ಓದಿದ್ದು ಪೆಟ್ಟಿಗೆ ಒಡೆದ ಮೇಲೆ. 2006. ಸಿಲಿಂಡರ್ ಆಯುಷ್ಯ ಸಾಮಾನ್ಯವಾಗಿ 10 ವರ್ಷ ಅಂತ ನಮಗೆಲ್ಲ ಗೊತ್ತು, ಆದರೂ ಕೇಳಲಿಲ್ಲ. ಕ್ರೋನೋ (ಪೆಲೆಟ್ ಅಂದರೆ ಸಣ್ಣ ಸೀಸದ ಗುಂಡಿನ ವೇಗ ಅಳೆಯುವ ಯಂತ್ರ) ಮೇಲೆ ಹೊಡೆದರೆ ಒಂದು ಸೆಕೆಂಡಿಗೆ 139 ಮೀಟರ್, ಮುಂದಿನದು 152. ಪ್ರತಿ ಸಲ ಒಂದೇ ಒತ್ತಡದ ಗಾಳಿ ಬಿಡಬೇಕಾದ ರೆಗ್ಯುಲೇಟರ್ ಹೋಗಿತ್ತು. ಟ್ರಿಗರಿಗೆ ಅರ್ಧ ಕೆಜಿ ತೂಗುಹಾಕಿ ಎತ್ತಿದರೂ ಸಿಡಿಯಬಾರದು, ಇದು ತಡೆಯಲಿಲ್ಲ; ಸಿಯರ್ (ಟ್ರಿಗರ್ ಒತ್ತುವವರೆಗೆ ಹಿಡಿದಿಡುವ ಕೊಕ್ಕೆ) ಅಷ್ಟು ಸವೆದಿತ್ತು. ರಿಪೇರಿಗೆ ಕೊಟ್ಟರೆ 9 ಸಾವಿರ ಬಿಲ್ಲಾಯಿತು, ಮೂರು ತಿಂಗಳು ಹೋಯಿತು, ಗಾಳಿ ಸೋರುವುದು ಮಾತ್ರ ನಿಲ್ಲಲಿಲ್ಲ. ಕೊನೆಗೆ ಬಿಡಿಭಾಗಕ್ಕಂತ 11 ಸಾವಿರಕ್ಕೆ ಮಾರಿದೆ. ಹೆಂಡತಿಗೆ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ.

ಎರಡನೆಯದು ಧಾರವಾಡದ ಒಬ್ಬ ಹುಡುಗನದ್ದು. ಕೆಲಸ ಸಿಕ್ಕಿ ಊರು ಬಿಡುತ್ತಿದ್ದ. ಕೇಳಿದ್ದು 62 ಸಾವಿರ. ಮೂಲ ಬಿಲ್ ಇತ್ತು, ಸಿಲಿಂಡರ್ 2019ರದ್ದು. 5 ಸಾವಿರ ಮುಂಗಡ ಕೊಟ್ಟು, ಎರಡು ದಿನ ನನ್ನ ಹತ್ತಿರ ಇರಲಿ ಅಂದೆ. ಒಪ್ಪಿದ. ಒಪ್ಪದೇ ಇದ್ದಿದ್ದರೆ ಅಲ್ಲಿಗೇ ಕೈ ಬಿಡುತ್ತಿದ್ದೆ.

ಸಂಜೆ 4ಕ್ಕೆ 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿದೆ. ತುಂಬುವಾಗ ಸಿಲಿಂಡರ್ ಬಿಸಿ ಆಗುತ್ತದೆ, ತಣ್ಣಗಾದ ಮೇಲೆ 5ಕ್ಕೆ ನೋಡಿದರೆ ಸುಮಾರು 195. ಮೀಟರಿನ ಮುಳ್ಳು ಸಣ್ಣದು, ಕಣ್ಣಿಗೆ ನಂಬಿಕೆ ಇಲ್ಲ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಬೆಳಗ್ಗೆ 6ಕ್ಕೆ 188! ರೇಂಜಿನ ಹಿರಿಯರಿಗೆ ತೋರಿಸಿದೆ. "ಲೀಕ್ ಐತಿ, ವಾಪಸ್ ಕೊಟ್ಟು ಬಾ" ಅಂದರು. ಹೊಟ್ಟೆ ಉರಿಯಿತು. ಆಮೇಲೆ ಯೋಚನೆ ಬಂತು: ಡಿಸೆಂಬರ್ ಬೆಳಗ್ಗೆ ನಮ್ಮ ಹುಬ್ಬಳ್ಳಿಯಲ್ಲಿ 17 ಡಿಗ್ರಿ, ಹಿಂದಿನ ಸಂಜೆ 28. ಗಾಳಿ ತಣ್ಣಗಾದರೆ ಒತ್ತಡ ಇಳಿಯಲೇಬೇಕಲ್ವಾ? ಮುಟ್ಟದೇ ಇಟ್ಟೆ. ಸಂಜೆ 5ಕ್ಕೆ ಮತ್ತೆ ಫೋಟೊ. ಮುಳ್ಳು ವಾಪಸ್ 195ರ ಮೇಲೆ. ಎರಡೂ ಸಂಜೆಯ ಫೋಟೊ ಪಕ್ಕದಲ್ಲಿಟ್ಟು ಹಿರಿಯರಿಗೆ ತೋರಿಸಿದೆ, ಏನೂ ಅನ್ನಲಿಲ್ಲ. ಎಷ್ಟೋ ಜನ ಬೆಳಗಿನ ಮುಳ್ಳು ನೋಡಿ ಒಳ್ಳೇ ಪಿಸ್ತೂಲು ಬಿಟ್ಟಿರಬೇಕು. ಒಂದೇ ಹೊತ್ತಿಗೆ, ಒಂದೇ ನೆರಳಲ್ಲಿ ಓದಿ.

ಟ್ರಿಗರಿಗೆ ಕಿರಾಣಿ ಅಂಗಡಿಯ ಅರ್ಧ ಕೆಜಿ ತೂಕದ ಕಲ್ಲು, ತಂತಿ ಕೊಂಡಿ. ಹತ್ತು ಸಲಕ್ಕೆ ಹತ್ತು ಸಲ ಸಿಡಿಯದೇ ಎತ್ತಿತು. ಕ್ರೋನೋ ಮೇಲೆ 148ರಿಂದ 151. ಬೆಂಚ್ ವೈಸಿಗೆ ಸೈಕಲ್ ಟ್ಯೂಬ್ ಸುತ್ತಿ, 10 ಮೀಟರಿನಲ್ಲಿ 5 ಪೆಲೆಟ್ ಹೊಡೆದೆ. ಒಂದೇ ತೂತು, ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿಲಿಮೀಟರ್ ಇರಬಹುದು. ನಮ್ಮ ಗುರಿ ಹಾಳೆಯ ನಡುವಿನ ಹತ್ತು ಅಂಕದ ರಿಂಗೇ 11.5 ಮಿಲಿಮೀಟರ್. ಇನ್ನೇನು ಬೇಕು? ಬ್ಯಾರಲ್ ಪಾಸು. ಇನ್ನು ತಪ್ಪಿದರೆ ಅದು ನನ್ನ ಕೈಯದ್ದು.

ಅದೇ ಹುರುಪಿನಲ್ಲಿ ಗುರುತಿನ ಅಕ್ಕಸಾಲಿಗರ ಅಂಗಡಿಗೆ ಹೋಗಿ, ಚಿನ್ನ ತೂಗುವ ಯಂತ್ರದಲ್ಲಿ ಒಂದು ಡಬ್ಬಿ ಪೆಲೆಟ್ ತೂಗಿದೆ. ಐನೂರು ಪೆಲೆಟ್, ಮೂರು ತಾಸು. ತೂಕ ನೋಡಿ ಬೇರೆ ಬೇರೆ ಮಾಡಿ ಹೊಡೆದರೂ ತೂತುಗಳ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ಯಾಚ್ ಬದಲಾದಾಗ ಮಾತ್ರ ಕಂಡಿತು. ಹಾಗಾಗಿ ಒಗ್ಗಿದ ಬ್ಯಾಚು ಸಿಕ್ಕರೆ ಜಾಸ್ತಿ ಡಬ್ಬಿ ಒಮ್ಮೆಗೇ ತಂದಿಡುತ್ತೇನೆ.

ಗ್ರಿಪ್ ನನ್ನ ಕೈಗೆ ದೊಡ್ಡದಾಗಿತ್ತು. ಆ ನೆಪದಲ್ಲಿ 8 ಸಾವಿರ ಇಳಿಸಿದೆ. ಮನೆಯಲ್ಲೇ ಅರ ಹಾಕಿ ತಿದ್ದಿ, ಪುಟ್ಟಿ ಹಚ್ಚಿದೆ. ಬೆವರಿದರೂ ಕೈ ಜಾರುವುದಿಲ್ಲ. ಪುಟ್ಟಿಯಲ್ಲಿ ಏನು ಬೆರೆಸಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಸೀಲು, ಓರಿಂಗ್ ಎಲ್ಲ ಸೇರಿ ಮೇಲೆ 2,300 ಖರ್ಚು.

ಮೊದಲಿನದರಲ್ಲಿ 60 ಶಾಟಿಗೆ 600ರಲ್ಲಿ 535 ಅಂಕ ದಾಟುತ್ತಿರಲಿಲ್ಲ. ಇದರಲ್ಲಿ ಆರು ತಿಂಗಳಿಗೆ 557 ಬಂತು. ಸಿಲಿಂಡರ್ ಅವಧಿ 2029ಕ್ಕೆ ಮುಗಿಯುತ್ತದೆ. ಅದಕ್ಕೆ ತಿಂಗಳಿಗೆ 500 ರೂಪಾಯಿ ಈಗಿನಿಂದಲೇ ಎತ್ತಿಡುತ್ತಿದ್ದೇನೆ.