ಡ್ಯಾನ್‌ವಿಲ್‌ನ ಪಡ್ಲರ್: ಬೀಗರ ಮನೆಯ ವೆಲ್ಷ್ ಹಿರಿಯನನ್ನು ಹುಡುಕಿದ್ದು

ನಮ್ಮ ಬೀಗಿತ್ತಿಯ ಅಜ್ಜನ ಅಜ್ಜ ವೇಲ್ಸ್‌ನಿಂದ ಅಮೆರಿಕಕ್ಕೆ ಬಂದವನು. ಉಪನಾಮ ಡೇವಿಸ್, ಪೆನ್ಸಿಲ್ವೇನಿಯಾದ ಡ್ಯಾನ್‌ವಿಲ್ ಊರಿನ ಕಬ್ಬಿಣದ ಮಿಲ್ಲಿನಲ್ಲಿ ಕೆಲಸ. ಮನೆಯಲ್ಲಿ ಉಳಿದಿದ್ದ ಸುದ್ದಿ ಇಷ್ಟೇ. ನಾನು ಭದ್ರಾವತಿ ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿ ದುಡಿದು ನಿವೃತ್ತನಾದವನು. ಮಗಳ ಮನೆಗೆ ಹೋಗಿದ್ದಾಗ ಅಳಿಯ ಈ ಮಾತು ಎತ್ತಿದ್ದೇ ತಡ, ಆ ಹಿರಿಯ ಕುಲುಮೆಯ ಮುಂದೆ ಯಾವ ಕೆಲಸಕ್ಕೆ ನಿಲ್ಲುತ್ತಿದ್ದ, ಯಾವ ಊರಿಂದ ಬಂದ ಎಂದು ತಿಳಿಯುವ ಹಂಬಲ ಹತ್ತಿಕೊಂಡಿತು.

ವೆಲ್ಷರಲ್ಲಿ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್ ಇಷ್ಟು ಹೆಸರುಗಳಲ್ಲೇ ಅರ್ಧ ಊರು ಮುಗಿದುಹೋಗುತ್ತದೆ. ಅದರಲ್ಲಿ ಒಬ್ಬ ಗಂಡಸಿನ ಬೆನ್ನು ಹತ್ತಿ ಪ್ರಯೋಜನವಿಲ್ಲ. ಹೆಂಡತಿ, ಮಕ್ಕಳು, ಮಕ್ಕಳ ವಯಸ್ಸಿನ ಅಂತರ, ಹೋಗುತ್ತಿದ್ದ ಚಾಪೆಲ್ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡು ಇಡೀ ಸಂಸಾರವನ್ನೇ ಹುಡುಕಬೇಕು.

ಮೊದಲು ಸಿಕ್ಕಿದ್ದು 1860ರ ಅಮೆರಿಕದ ಜನಗಣತಿಯ ಹಾಳೆ. ಯಜಮಾನನಿಗೆ 38 ವರ್ಷ, ಕಸುಬು ಪಡ್ಲರ್, ಅಂದರೆ ಕರಗಿದ ಬೀಡುಕಬ್ಬಿಣವನ್ನು ಕಲಕಿ ಇಂಗಾಲ ಕಳೆದು ಮೆದು ಕಬ್ಬಿಣ ಮಾಡುವವನು. ಆ ಒಂದು ಪದ ಓದಿ ನನಗೆ ಮೈ ಜುಮ್ಮೆಂದಿತು. ಹಳೆಯ ಕಬ್ಬಿಣದ ಮಿಲ್ಲಿನಲ್ಲಿ ಇದಕ್ಕಿಂತ ಕಷ್ಟದ, ಇದಕ್ಕಿಂತ ನಾಜೂಕಿನ ಕೆಲಸ ಇನ್ನೊಂದಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಕಾರ್ಟ್ 1784ರಲ್ಲಿ ಪೇಟೆಂಟ್ ಪಡೆದ ಈ ವಿಧಾನವನ್ನು ದಕ್ಷಿಣ ವೇಲ್ಸ್‌ನ ಕಾರ್ಖಾನೆಗಳು ಪಳಗಿಸಿಕೊಂಡವು. ಬೆಂಕಿ ಒಂದು ಕೋಣೆಯಲ್ಲಿ, ಬೀಡುಕಬ್ಬಿಣ ಪಕ್ಕದ ಕೋಣೆಯಲ್ಲಿ. ಜ್ವಾಲೆ ಮಾತ್ರ ಕಬ್ಬಿಣದ ಮೇಲೆ ಹಾದುಹೋಗುತ್ತದೆ. ಪಡ್ಲರ್ ಸಣ್ಣ ಬಾಗಿಲಿನಿಂದ ಉದ್ದನೆಯ ಸಲಾಕೆ ತೂರಿಸಿ ಕರಗಿದ ಲೋಹವನ್ನು ಕಲಕುತ್ತಲೇ ಇರಬೇಕು. ಬೀಡು 1,200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗುತ್ತದೆ, ಶುದ್ಧ ಕಬ್ಬಿಣಕ್ಕೆ 1,538 ಬೇಕು. ಹಾಗಾಗಿ ಇಂಗಾಲ ಉರಿದುಹೋದ ಹಾಗೆಲ್ಲ, ಶಾಖ ಅಷ್ಟೇ ಇದ್ದರೂ, ಲೋಹ ಗಟ್ಟಿಯಾಗುತ್ತಾ ಸಲಾಕೆಗೆ ಅಂಟತೊಡಗುತ್ತದೆ. ಆ ಹದ ನೋಡಿ ಉಂಡೆ ಕಟ್ಟಿ ಹೊರಗೆಳೆದು ಸುತ್ತಿಗೆಗೆ, ಅಲ್ಲಿಂದ ರೋಲಿಗೆ ಕೊಡಬೇಕು. ಅಳೆಯುವ ಯಂತ್ರವಿಲ್ಲ, ಕಣ್ಣು ಮತ್ತು ತೋಳಿನ ಅಂದಾಜೇ ಎಲ್ಲ. ಇಂಥವರಿಗೆ ಡ್ಯಾನ್‌ವಿಲ್‌ನಲ್ಲಿ ಬೇಡಿಕೆ ಇತ್ತು. ಅಮೆರಿಕದಲ್ಲಿ ಟಿ ಆಕಾರದ ರೈಲು ಹಳಿ ಮೊದಲು ತಯಾರಾದದ್ದು 1845ರಲ್ಲಿ, ಅಲ್ಲಿನ ಮಾಂಟೂರ್ ಕಾರ್ಖಾನೆಯಲ್ಲಿ.

ಅದೇ ಹಾಳೆಯಲ್ಲಿ ಮಕ್ಕಳು: ಗ್ವೆನ್‌ಲಿಯನ್ 14, ಒಬ್ಬ ಗಂಡು ಹುಡುಗ 11, ಇನ್ನೊಬ್ಬ 7. ಮೂವರೂ ಹುಟ್ಟಿದ್ದು ವೇಲ್ಸ್‌ನಲ್ಲಿ. ಮೂರು ವರ್ಷದ ಕೂಸು ಮಾತ್ರ ಪೆನ್ಸಿಲ್ವೇನಿಯಾದ್ದು. ಅಂದರೆ ಸಂಸಾರ ಬಂದದ್ದು 1853 ಮತ್ತು 1857ರ ನಡುವೆ. ಊರಿನ ಹೆಸರನ್ನು ಅಮೆರಿಕದ ಗಣತಿಯವರು ಬರೆಯುತ್ತಿರಲಿಲ್ಲ, ದೇಶ ಬರೆದು ಸುಮ್ಮನಾಗುತ್ತಿದ್ದರು. ಪೌರತ್ವದ ಕಾಗದವೂ ಸಿಕ್ಕಿತು. ರಾಣಿ ವಿಕ್ಟೋರಿಯಾಳಿಗೆ ನಿಷ್ಠೆ ಬಿಟ್ಟೆ ಎಂಬ ಒಕ್ಕಣೆ ಬಿಟ್ಟರೆ ಅದರಲ್ಲಿ ಹುರುಳಿಲ್ಲ; 1906ಕ್ಕೆ ಮುಂಚಿನ ಪೌರತ್ವದ ಕಾಗದಗಳು ಹೆಚ್ಚಾಗಿ ಹೀಗೇ ಬರಿದು.

ದಾರಿ ತೋರಿಸಿದವಳು ಹಿರಿಮಗಳು ಗ್ವೆನ್‌ಲಿಯನ್. ಅಪ್ಪ 1880ರ ದಶಕದಲ್ಲೇ ತೀರಿಕೊಂಡಿದ್ದ. ಪೆನ್ಸಿಲ್ವೇನಿಯಾ ರಾಜ್ಯ ಮರಣ ನೋಂದಣಿ ಶುರುಮಾಡಿದ್ದು 1906ರಲ್ಲಿ, ಆದ್ದರಿಂದ ಅವನ ಹೆಸರಿನಲ್ಲಿ ರಾಜ್ಯದ ಸರ್ಟಿಫಿಕೇಟ್ ಇಲ್ಲ. 1890ರ ಗಣತಿಯ ಹಾಳೆಗಳಂತೂ 1921ರ ಬೆಂಕಿಯ ನಂತರ ಬಹುಪಾಲು ಇಲ್ಲವಾದವು. ಮಗಳು ಮಾತ್ರ ಬದುಕಿದ್ದಳು. ಮದುವೆಯಾಗಿ ಸ್ಕ್ರ್ಯಾಂಟನ್ ಸೇರಿದ್ದ ಆಕೆಯ ಗಂಡನ ಹೆಸರು ಬೀಗಿತ್ತಿಯ ಹತ್ತಿರವಿದ್ದ ಹಳೆಯ ಬೈಬಲ್ಲಿನ ಮೊದಲ ಪುಟದಲ್ಲಿತ್ತು. 1900ರ ಗಣತಿ ಪ್ರತಿಯೊಬ್ಬ ವಲಸಿಗನಿಗೂ ಬಂದ ವರ್ಷ ಕೇಳಿದೆ. ಆಕೆ ಹೇಳಿದ್ದು 1854. 1912ರ ಆಕೆಯ ಮರಣ ಸರ್ಟಿಫಿಕೇಟಿನಲ್ಲಿ ತಾಯಿಯ ತವರಿನ ಉಪನಾಮವೂ ಬಂತು: ರೀಸ್. ಬರೀ ಡೇವಿಸ್ ಇದ್ದದ್ದು ಈಗ ಡೇವಿಸ್–ರೀಸ್ ಜೋಡಿಯಾಯಿತು. ಹುಡುಕಾಟದ ಬಲವೆಲ್ಲ ಆ ಜೋಡಿಯಲ್ಲಿದೆ.

ಊರು ಹೇಳಿದ್ದು ಆ ಹಿರಿಯನ ಗೋರಿಕಲ್ಲು. ಅಕ್ಷರ ಸವೆದಿತ್ತು. ಇಂಥ ಕಲ್ಲನ್ನು ಉಜ್ಜಬಾರದು, ಸೀಮೆಸುಣ್ಣವನ್ನೂ ಬಳಿಯಬಾರದು. ಅಳಿಯ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬಿಟ್ಟ, ನೆರಳಿನಲ್ಲಿ ಗೆರೆಗಳು ಎದ್ದು ಕಂಡವು. ವೆಲ್ಷ್‌ನಲ್ಲಿ ‘ಗಿಂಟ್ ಓ ಡ್ರೆಡೀಗರ್’ ಎಂದಿತ್ತು, ಅಂದರೆ ‘ಹಿಂದೆ ಡ್ರೆಡೀಗರ್‌ನವನು’. ನಕ್ಷೆಯಲ್ಲಿ ಅಂಥ ಊರೇ ಇಲ್ಲ. ನಮ್ಮ ಆದೇಶ ಸಂಧಿ ಇಲ್ಲಿ ನೆರವಿಗೆ ಬಂತು. ಮಳೆ, ಕಾಲ ಸೇರಿ ಮಳೆಗಾಲವಾಗುವಂತೆ ವೆಲ್ಷ್‌ನಲ್ಲೂ ಕೆಲವು ಪದಗಳ ಮುಂದೆ ಕ, ತ, ಪಗಳು ಗ, ದ, ಬ ಆಗುತ್ತವೆ. ಊರಿನ ನಿಜವಾದ ಹೆಸರು ಟ್ರೆಡೀಗರ್. ಮಾನ್‌ಮತ್‌ಶೈರ್‌ನಲ್ಲಿ 1800ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಪಟ್ಟಣ. ವೆಲ್ಷ್ ಕಲ್ಲು ಓದುವವರು ಊರಿನ ಮೊದಲಕ್ಷರವನ್ನು ಹಾಗೇ ನಂಬಬಾರದು: ‘ಓ’ ಬಂದ ಮೇಲೆ ಮರ್ಥರ್ ಎಂಬ ಊರು ಕೂಡ ವರ್ಥರ್ ಆಗುತ್ತದೆ.

ಮುಂದಿನದು ಬ್ರಿಟನ್ನಿನ ದಾಖಲೆ. 1841ರ ಗಣತಿ ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯುತ್ತಿತ್ತು. 1851ರದ್ದು ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಸೀಮೆ) ಸಮೇತ ಕೊಡುತ್ತದೆ. ಟ್ರೆಡೀಗರ್ ಇದ್ದ ಬೆಡ್ವೆಲ್ಟಿ ಪ್ಯಾರಿಷ್‌ನಲ್ಲಿ ಡೇವಿಸ್ ಎಂಬ ಪಡ್ಲರುಗಳು ಬೇಕಾದಷ್ಟು ಮಂದಿ. ಐದು ವರ್ಷದ ಗ್ವೆನ್‌ಲಿಯನ್, ಎರಡು ವರ್ಷದ ತಮ್ಮ, 1860ರ ಹಾಳೆಯಲ್ಲಿದ್ದ ಹೆಸರಿನದೇ ಹೆಂಡತಿ ಮೂರೂ ಕೂಡಿದ್ದು ಒಂದೇ ಮನೆ. ನಂತರ ಇಂಗ್ಲೆಂಡ್–ವೇಲ್ಸ್ ನೋಂದಣಿ ಕಚೇರಿಯ ಜನನ ಸೂಚಿ ನೋಡಿದೆ. 2016ರಲ್ಲಿ ತೆರೆದ ಅವರ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರಿನ ಉಪನಾಮವಿದೆ. ಮೂವರು ಮಕ್ಕಳ ಎದುರಿಗೂ ರೀಸ್. ಮೊದಲಿಬ್ಬರು ಅಬರ್ಗವೆನಿ ಜಿಲ್ಲೆಯಲ್ಲಿ, ಮೂರನೆಯವನು ಬೆಡ್ವೆಲ್ಟಿಯಲ್ಲಿ. ಸಂಸಾರ ಕದಲಿರಲಿಲ್ಲ, ನೋಂದಣಿ ಜಿಲ್ಲೆಯೇ ಒಡೆದು ಎರಡಾಗಿತ್ತು.

ಹಡಗಿನ ಪಟ್ಟಿಯ ವಿಷಯದಲ್ಲಿ ಒಂದು ಮಾತು. ಸಂಗೀತಗಾರ ಜೋಸೆಫ್ ಪ್ಯಾರಿಯ ಮನೆಯವರೂ ಮರ್ಥರ್‌ನಿಂದ ಇದೇ ಡ್ಯಾನ್‌ವಿಲ್‌ಗೆ ಬಂದವರು. ಅಪ್ಪ 1853ರಲ್ಲಿ ಮುಂದಾಗಿ ಹೋದ, ಹೆಂಡತಿ ಮಕ್ಕಳು 1854ರಲ್ಲಿ ಹಿಂದಿನಿಂದ. ಮುಂದೆ ಹೆಸರಾದ ಆ ಹುಡುಗನೂ ಇಲ್ಲಿ ಮಿಲ್ಲಿಗೇ ಹೋದ. ಇದು ತಿಳಿದಿದ್ದರಿಂದ ಗಂಡನಿಲ್ಲದ ಪಟ್ಟಿಗಳನ್ನೂ ನೋಡಿದೆ. 1854ರಲ್ಲಿ ನ್ಯೂಯಾರ್ಕ್‌ಗೆ ಬಂದ ಒಬ್ಬ ತಾಯಿ, ಮೂರು ಮಕ್ಕಳು. ಗುಮಾಸ್ತ ಹಿರಿಮಗಳ ಹೆಸರನ್ನು ‘ವಿನ್‌ಲಿಯನ್’ ಎಂದು ಗೀಚಿದ್ದಾನೆ. ವಯಸ್ಸುಗಳು ಹೊಂದುತ್ತವೆ, ಆದರೂ ವಂಶವೃಕ್ಷದಲ್ಲಿ ಇದರ ಮುಂದೆ ‘ಬಹುಶಃ’ ಎಂದೇ ಬರೆದಿದ್ದೇನೆ.

ಮದುವೆ ಸರ್ಟಿಫಿಕೇಟ್ ತರಿಸಿದೆವು. ಸಹಿಯ ಜಾಗದಲ್ಲಿ ಗಂಡ ಹೆಂಡತಿ ಇಬ್ಬರದೂ ಗೀಟು. ಗಂಡಿನ ತಂದೆ ಕೃಷಿ ಕೂಲಿ, ಹೆಸರು ಡೇವಿಡ್, ಆದರೆ ಉಪನಾಮ ಡೇವಿಸ್ ಅಲ್ಲ, ಬೇರೆ. ಅಪ್ಪನ ಹೆಸರೇ ಮಗನ ಉಪನಾಮವಾಗುವ ಹಳೆಯ ರೂಢಿ ವೇಲ್ಸ್‌ನ ಹಳ್ಳಿಗಾಡಿನಲ್ಲಿ ಆಗಿನ್ನೂ ಉಳಿದಿತ್ತು. 1851ರ ಗಣತಿಯ ಪ್ರಕಾರ ಮಗ ಹುಟ್ಟಿದ್ದು ಕಾರ್ಡಿಗನ್‌ಶೈರ್‌ನ ಟ್ರೆಗಾರನ್‌ನಲ್ಲಿ, ದನಕುರಿಯ ಸೀಮೆಯಲ್ಲಿ. ಕೂಲಿಯ ಮಗ ಗುಡ್ಡ ದಾಟಿ ಬಂದು ಕುಲುಮೆಯ ಕೆಲಸ ಕಲಿತಿದ್ದಾನೆ. ಇನ್ನು ಡೇವಿಸ್ ಎಂಬ ಹೆಸರನ್ನೇ ಬಿಟ್ಟು ಅಪ್ಪನ ಉಪನಾಮ ಹಿಡಿದು ಟ್ರೆಗಾರನ್‌ನ ಪ್ಯಾರಿಷ್ ಪುಸ್ತಕ ನೋಡಬೇಕು. ಆಬರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಕೆಲಸವನ್ನು ಅಳಿಯ ತಾನೇ ವಹಿಸಿಕೊಂಡಿದ್ದಾನೆ; ರೀಸ್ ಮನೆತನದ ಕಡೆಯದನ್ನು ನಾನು ನೋಡುತ್ತಿದ್ದೇನೆ.