ಸಿಎನ್‌ಸಿ ಶೀಲ್ಡಿನಲ್ಲಿ ಸ್ಟೆಪ್ಪರ್ ಮತ್ತು ಬ್ರಷ್‌ಲೆಸ್ ಮೋಟಾರುಗಳನ್ನು ಹೊಂದಿಸುವ ಕ್ರಮ

ಆರ್ಡುಯಿನೋ ಯುನೋ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಮೇಲೆ ಕೂರುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಶೀಲ್ಡ್ 3.0 ಮೂಲತಃ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರುಗಳಿಗಾಗಿ ರೂಪುಗೊಂಡ ಬೋರ್ಡು. ಇದಕ್ಕೆ ಸ್ಪಿಂಡಲ್ (ಕತ್ತರಿಸುವ ಬಿಟ್ಟನ್ನು ತಿರುಗಿಸುವ ಭಾಗ) ಆಗಿ ಬ್ರಷ್‌ಲೆಸ್ ಮೋಟಾರನ್ನೂ ಸೇರಿಸುವಾಗ ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು: ಸ್ಟೆಪ್ಪರನ್ನು ನಡೆಸುವ ಪುಟ್ಟ ಬೋರ್ಡಾದ ಡ್ರೈವರ್ ತನಗೆ ಬಂದ ಪಲ್ಸುಗಳನ್ನು ಎಣಿಸುತ್ತದೆಯೇ ಹೊರತು ಅವು ಎಷ್ಟು ಅಗಲವೆಂದು ನೋಡುವುದಿಲ್ಲ, ಬ್ರಷ್‌ಲೆಸ್ ಮೋಟಾರನ್ನು ಓಡಿಸುವ ಇಎಸ್‌ಸಿ (ವೇಗ ನಿಯಂತ್ರಕ) ಪಲ್ಸಿನ ಅಗಲವನ್ನಷ್ಟೇ ಅಳೆಯುತ್ತದೆ. ಜೋಡಣೆಯಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಡ್ರೈವರ್‌ಗಳನ್ನು ಕೂರಿಸುವ ಮೊದಲು ಅವುಗಳ ಅಡಿಯಲ್ಲಿ ಬರುವ ಮೂರು ಜಂಪರ್‌ಗಳನ್ನು (ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಟೊಪ್ಪಿಗಳು) ಹಾಕಿಬಿಡಿ. ಎ4988 ಡ್ರೈವರಿನಲ್ಲಿ ಮೂರೂ ಇದ್ದರೆ 1/16 ಮೈಕ್ರೋಸ್ಟೆಪ್ ದೊರೆಯುತ್ತದೆ, ಅಂದರೆ ಮೋಟಾರಿನ ಒಂದು ಹೆಜ್ಜೆ ಹದಿನಾರು ಭಾಗವಾಗುತ್ತದೆ. ಡ್ರೈವರ್ ಯಾವ ಕಡೆಗೆ ಮುಖ ಮಾಡಬೇಕೆಂಬುದನ್ನು ಅದರ ಮೇಲಿನ ಪುಟ್ಟ ತಿರುಪನ್ನು ನೋಡಿ ನಿರ್ಧರಿಸಬಾರದು, ಏಕೆಂದರೆ ಡಿಆರ್‌ವಿ8825 ಎಂಬ ಇನ್ನೊಂದು ಡ್ರೈವರಿನಲ್ಲಿ ಆ ತಿರುಪು ಎದುರು ತುದಿಯಲ್ಲಿರುತ್ತದೆ; ಡ್ರೈವರಿನ ಮೇಲೂ ಶೀಲ್ಡಿನ ಮೇಲೂ 'ಇಎನ್' ಎಂದು ಗುರುತಿಸಿದ ಪಿನ್ನುಗಳು ಒಂದಕ್ಕೊಂದು ಸರಿಹೊಂದಬೇಕು.

ಮೋಟಾರನ್ನು ಜೋಡಿಸುವ ಮುನ್ನವೇ ಕರೆಂಟಿನ ಮಿತಿಯನ್ನು ಹೊಂದಿಸಬೇಕು. ಎ4988ರಲ್ಲಿ ಈ ಮಿತಿಯು ವಿ-ರೆಫ್ ವೋಲ್ಟೇಜನ್ನು (ಆ ತಿರುಪಿನಿಂದ ಹೊಂದಿಸುವ ಆಧಾರ ವೋಲ್ಟೇಜು), ಕರೆಂಟನ್ನು ಅಳೆಯಲು ಇರುವ ಸೆನ್ಸ್ ರೆಸಿಸ್ಟರಿನ ಬೆಲೆಯ ಎಂಟು ಪಟ್ಟಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ಚಿಪ್ಪಿನ ಪಕ್ಕದಲ್ಲಿರುವ ಎರಡು ಕಪ್ಪು ರೆಸಿಸ್ಟರುಗಳ ಮೇಲೆ 'ಆರ್100' ಎಂದಿದ್ದರೆ ಅದು 0.1 ಓಮ್, ಆಗ 1 ಆಂಪಿಯರ್‌ಗೆ 0.8 ವೋಲ್ಟ್ ಬೇಕು. 'ಆರ್050' ಎಂದಿದ್ದರೆ 0.4 ವೋಲ್ಟೇ ಸಾಕು. ಇದನ್ನು ಓದದೆ ಬೇರೆಯವರು ಹೇಳಿದ ವೋಲ್ಟೇಜನ್ನು ಹಾಗೆಯೇ ಬಳಸಿದರೆ ಕರೆಂಟು ಇಮ್ಮಡಿಯಾಗಬಹುದು ಅಥವಾ ಅರ್ಧಕ್ಕಿಳಿಯಬಹುದು. ಅಳತೆಗೆ ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೂ ಕೆಂಪು ತಂತಿಯನ್ನು ಕ್ಲಿಪ್ಪಿನ ಮೂಲಕ ಸ್ಕ್ರೂಡ್ರೈವರಿನ ಲೋಹದ ಭಾಗಕ್ಕೂ ಸಿಕ್ಕಿಸಿದರೆ, ತಿರುಪನ್ನು ತಿರುಗಿಸುತ್ತಿರುವಾಗಲೇ ವೋಲ್ಟೇಜು ಕಾಣುತ್ತದೆ. ತುದಿ ಜಾರಿ ಪಕ್ಕದ ಪಿನ್ನಿಗೆ ತಾಗದಂತೆ ಮಾತ್ರ ಎಚ್ಚರವಿರಲಿ. ಎ4988 ಆದರೆ ಇದಕ್ಕೆ ಯುಎಸ್‌ಬಿ ಶಕ್ತಿಯೊಂದೇ ಸಾಕು. ಹೀಟ್‌ಸಿಂಕೂ ಫ್ಯಾನೂ ಇಲ್ಲದಿದ್ದರೆ 1 ಆಂಪಿಯರ್ ದಾಟದಿರುವುದು ಒಳ್ಳೆಯದು.

ಮೋಟಾರಿನ ನಾಲ್ಕು ತಂತಿಗಳಲ್ಲಿ ಯಾವ ಎರಡು ಒಂದೇ ಸುರುಳಿಗೆ ಸೇರಿದವೆಂದು ತಿಳಿಯಲು, ಎರಡೆರಡನ್ನು ಒಂದಕ್ಕೊಂದು ತಾಗಿಸಿ ದಂಡವನ್ನು ಬೆರಳಿನಿಂದ ತಿರುಗಿಸಿ ನೋಡಿ: ತಿರುಗುವುದು ಬಿಗಿಯಾದರೆ ಅವು ಜೋಡಿ. ಶಕ್ತಿ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಎಂದಿಗೂ ಕೀಳಬಾರದು. ಡ್ರೈವರ್ ಆ ಕ್ಷಣದಲ್ಲೇ ಸುಟ್ಟುಹೋಗಬಹುದು.

ಆರ್ಡುಯಿನೋದಲ್ಲಿ ಓಡುತ್ತಾ ಯಂತ್ರವನ್ನು ನಡೆಸುವ ಜಿಆರ್‌ಬಿಎಲ್ 1.1 ತಂತ್ರಾಂಶದಲ್ಲಿ ಒಂದು ಮಿಲಿಮೀಟರಿಗೆ ಎಷ್ಟು ಪಲ್ಸ್ ಎಂಬುದನ್ನು ಎಕ್ಸ್, ವೈ, ಝಡ್ ಅಕ್ಷಗಳಿಗೆ ಕ್ರಮವಾಗಿ $100, $101, $102ರಲ್ಲಿ ಬರೆಯುತ್ತೇವೆ. 1.8 ಡಿಗ್ರಿಯ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ. ಅದನ್ನು 16ರಿಂದ ಗುಣಿಸಿ, ಸುತ್ತಿಗೆ 8 ಮಿ.ಮೀ. ಸಾಗುವ ಲೀಡ್ ಸ್ಕ್ರೂ ಇದ್ದರೆ 8ರಿಂದ ಭಾಗಿಸಿದಾಗ 400 ಬರುತ್ತದೆ. ಬಳಿಕ 100 ಮಿ.ಮೀ. ಚಲಿಸಲು ಆದೇಶ ಕೊಟ್ಟು ಅಳತೆಪಟ್ಟಿ ಹಿಡಿಯಿರಿ. 200 ಮಿ.ಮೀ. ಸಾಗಿದರೆ ಮೂರನೆಯ ಜಂಪರ್ ಸರಿಯಾಗಿ ಕೂತಿಲ್ಲ, ಡ್ರೈವರ್ 1/8ರಲ್ಲಿ ಓಡುತ್ತಿದೆ, 50 ಮಿ.ಮೀ. ಮಾತ್ರ ಸಾಗಿದರೆ ನಿಮ್ಮ ಕೈಯಲ್ಲಿರುವುದು 1/32ರ ಡಿಆರ್‌ವಿ8825. ಈ ಎರಡರಲ್ಲೂ $100ರ ಸಂಖ್ಯೆಯನ್ನು ತಿದ್ದಿ ಸಮಾಧಾನಪಡುವ ಬದಲು ಕಾರಣವನ್ನೇ ಸರಿಪಡಿಸುವುದು ಲೇಸು. ನಿಂತಾಗಲೂ ಮೋಟಾರು ಹಿಡಿತ ಬಿಡಬಾರದೆಂದಿದ್ದರೆ $1ಕ್ಕೆ 255 ಕೊಡಿ.

ಇನ್ನು ಬ್ರಷ್‌ಲೆಸ್. ಶೀಲ್ಡಿನ ಮೇಲೆ ಅಚ್ಚಾದ ಪಿನ್ನುಗಳ ಹೆಸರುಗಳು ಜಿಆರ್‌ಬಿಎಲ್‌ನ ಹಳೆಯ ಆವೃತ್ತಿಗೆ ಹೊಂದಿದವು, 1.1ರಲ್ಲಿ ಸ್ಪಿಂಡಲ್ ವೇಗದ ಸಂಕೇತವು 11ನೆಯ ಪಿನ್ನಿನಿಂದ, ಅಂದರೆ ಶೀಲ್ಡಿನ ಮೇಲೆ ಝಡ್ ಅಕ್ಷದ ಎಂಡ್‌ಸ್ಟಾಪ್ (ಮಿತಿ ಸ್ವಿಚ್ಚು) ಎಂದು ಅಚ್ಚಾಗಿರುವ ಕಡೆಯಿಂದ ಹೊರಬರುತ್ತದೆ, ಝಡ್ ಸ್ವಿಚ್ಚು 12ಕ್ಕೆ ಹೋಗುತ್ತದೆ. ಆದರೆ ಆ ಸಂಕೇತವನ್ನು ನೇರವಾಗಿ ಇಎಸ್‌ಸಿಗೆ ಕೊಟ್ಟರೆ ಪ್ರಯೋಜನವಿಲ್ಲ. ಸಾಮಾನ್ಯ ಇಎಸ್‌ಸಿ ಸೆಕೆಂಡಿಗೆ ಸುಮಾರು 50 ಬಾರಿ ಬರುವ, 1000ದಿಂದ 2000 ಮೈಕ್ರೋಸೆಕೆಂಡ್ ಅಗಲದ ಪಲ್ಸನ್ನು ಬಯಸುತ್ತದೆ. ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 980 ಪಲ್ಸ್ ಕಳಿಸುತ್ತದೆ, ಯಾವುದೂ ಸುಮಾರು 1020 ಮೈಕ್ರೋಸೆಕೆಂಡ್ ದಾಟುವುದಿಲ್ಲ. ತಂತ್ರಾಂಶದ ಟೈಮರನ್ನು 61 ಹರ್ಟ್ಸ್‌ಗೆ ಇಳಿಸುವ ದಾರಿಯೊಂದಿದೆ, ಆದರೆ ಆಗ ಟೈಮರಿನ ಒಂದು ಎಣಿಕೆಯೇ 64 ಮೈಕ್ರೋಸೆಕೆಂಡ್ ಆಗುವುದರಿಂದ ನಿಂತ ಸ್ಥಿತಿಯಿಂದ ಪೂರ್ಣ ವೇಗದವರೆಗೆ ಹದಿನೈದರಷ್ಟು ಮೆಟ್ಟಿಲುಗಳು ಮಾತ್ರ ಉಳಿಯುತ್ತವೆ.

ನಡುವೆ ಒಂದು ಆರ್ಡುಯಿನೋ ನ್ಯಾನೋ ಇಡುವುದೇ ಮೇಲು. ಅದು ಬಂದ ಪಲ್ಸಿನ ಅಗಲವನ್ನು ಅಳೆದು, ಅದಕ್ಕೆ 1000 ಕೂಡಿಸಿ, 2000ಕ್ಕೆ ಮಿತಿಗೊಳಿಸಿ ಇಎಸ್‌ಸಿಗೆ ಕಳಿಸಿದರೆ ಲೆಕ್ಕ ಬಹುತೇಕ ತಾನಾಗಿ ಹೊಂದುತ್ತದೆ. ಒಂದು ಸೂಕ್ಷ್ಮವಿದೆ: ಪೂರ್ಣ ವೇಗದಲ್ಲಿ ಸಂಕೇತ ಕೆಳಗಿಳಿಯದೆ ಸತತವಾಗಿ ಮೇಲೆಯೇ ನಿಲ್ಲುವುದರಿಂದ ಅಳತೆ ಸೊನ್ನೆ ಬರುತ್ತದೆ. ಅಳತೆ ಸೊನ್ನೆಯಾದಾಗಲೆಲ್ಲ ಪಿನ್ನಿನ ಸ್ಥಿತಿಯನ್ನು ಪ್ರತ್ಯೇಕವಾಗಿ ಓದಿ, ಮೇಲಿದ್ದರೆ 2000, ಕೆಳಗಿದ್ದರೆ 1000 ಎಂದು ತೀರ್ಮಾನಿಸುವಂತೆ ಪ್ರೋಗ್ರಾಂ ಬರೆಯಬೇಕು.

ಇಎಸ್‌ಸಿಗೆ ಅದು ತಾಳುವ ವೋಲ್ಟೇಜಿನ ಪ್ರತ್ಯೇಕ ಶಕ್ತಿಮೂಲ ಕೊಡಿ. ಮೂರು ಸೆಲ್ಲಿನ ಬ್ಯಾಟರಿಗೆಂದು ಮಾಡಿದ ಇಎಸ್‌ಸಿ ಸ್ಟೆಪ್ಪರಿನ 24 ವೋಲ್ಟನ್ನು ತಾಳದು. ಗ್ರೌಂಡುಗಳು ಮಾತ್ರ ಕೂಡಿರಬೇಕು. ಸಂಕೇತದ ಮೂರು ತಂತಿಗಳಲ್ಲಿ ಕೆಂಪಿನಿಂದ 5 ವೋಲ್ಟ್ ಹೊರಬರುತ್ತಿದ್ದರೆ ಅದನ್ನು ಯುಎಸ್‌ಬಿಯಿಂದ ನಡೆಯುವ ಬೋರ್ಡಿಗೆ ಜೋಡಿಸದೆ ಟೇಪು ಸುತ್ತಿಡಿ. ಬಳಿಕ, ಸ್ಪಿಂಡಲ್ಲಿಗೆ ಕತ್ತರಿಸುವ ಬಿಟ್ ಹಾಕದೆ, 2000ದ ಪಲ್ಸ್ ಕೊಡುತ್ತಾ ಇಎಸ್‌ಸಿಯನ್ನು ಆನ್ ಮಾಡಿ, ಬೀಪ್ ಕೇಳಿದೊಡನೆ 1000ಕ್ಕೆ ಇಳಿಸಿದರೆ ಹೆಚ್ಚಿನ ಇಎಸ್‌ಸಿಗಳು ಆ ಎರಡು ಎಲ್ಲೆಗಳನ್ನು ನೆನಪಿಟ್ಟುಕೊಳ್ಳುತ್ತವೆ. ಮೋಟಾರು ಹಿಮ್ಮುಖವಾಗಿ ತಿರುಗಿದರೆ ಇಎಸ್‌ಸಿಯಿಂದ ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಸೆನ್ಸರ್ ಇಲ್ಲದ ಮೋಟಾರು ತೀರಾ ನಿಧಾನ ವೇಗದಲ್ಲಿ ತನ್ನ ಸ್ಥಾನವನ್ನು ಗುರುತಿಸಲಾಗದೆ ತಡವರಿಸುತ್ತದೆ, ಆದ್ದರಿಂದ ಕನಿಷ್ಠ ವೇಗವನ್ನು $31ರಲ್ಲಿಯೂ ಗರಿಷ್ಠವನ್ನು $30ರಲ್ಲಿಯೂ ನಮೂದಿಸಿ, ಲೇಸರ್ ಕ್ರಮದ $32ನ್ನು 0 ಇಡಿ. ಸ್ಪಿಂಡಲ್ ಓಡುವಾಗ ಮಾತ್ರ ಮಿತಿ ಸ್ವಿಚ್ಚಿನ ಸುಳ್ಳು ಎಚ್ಚರಿಕೆ ಬರುತ್ತಿದ್ದರೆ ದೋಷ ಸ್ವಿಚ್ಚಿನದಲ್ಲ. ಅದರ ತಂತಿಯನ್ನು ಇಎಸ್‌ಸಿಯ ದಪ್ಪ ತಂತಿಗಳಿಂದ ದೂರ ಎಳೆದು ಮತ್ತೆ ಪರೀಕ್ಷಿಸಿ.